ಬಾಗಿಲು ಕಳಚಿದ ಬೀರು, ನೀರು ಕುಡಿದ ತಳ: ಪಾರ್ಟಿಕಲ್ ಬೋರ್ಡ್ ಪೀಠೋಪಕರಣದ ಮನೆ ರಿಪೇರಿ

ಡಬ್ಬದಲ್ಲಿ ಬಂದು ಮನೆಯಲ್ಲೇ ಜೋಡಿಸಿಕೊಂಡ ಬೀರುವಿನ ಬಾಗಿಲು ಹಿಂಜಸ್ ಸಮೇತ ಕಿತ್ತು ಬಂದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಅದೇ ತೂತಿಗೆ ಇನ್ನೂ ದಪ್ಪದ, ಇನ್ನೂ ಉದ್ದದ ಸ್ಕ್ರೂ ಹಾಕಿ ಬಿಗಿಯುವುದು. ಆ ಹೊತ್ತಿಗೆ ಗಟ್ಟಿಯಾಗಿ ಕೂರುತ್ತದೆ. ಕೆಲವು ವಾರ ಕಳೆದ ಮೇಲೆ ಸ್ಕ್ರೂ ಜೊತೆಗೆ ಹಲಗೆಯ ಒಂದು ಚೂರೂ ಉದುರುತ್ತದೆ. ಮರದ ಚಕ್ಕೆಗಳನ್ನು ಒತ್ತಿ ಅಂಟಿಸಿದ ಈ ಪಾರ್ಟಿಕಲ್ ಬೋರ್ಡಿನಲ್ಲಿ ಸ್ಕ್ರೂ ಹಿಡಿಯಬೇಕಾದ ನಾರೇ ಇಲ್ಲ. ಆದ್ದರಿಂದ ರಿಪೇರಿ ಎಂದರೆ ಸ್ಕ್ರೂ ಬದಲಿಸುವುದಲ್ಲ, ಸ್ಕ್ರೂ ಕಚ್ಚುವ ಜಾಗವನ್ನೇ ಬದಲಿಸುವುದು. ಒಂದೋ ಅಲ್ಲಿ ನಿಜವಾದ ಮರ ಕೂರಿಸಬೇಕು, ಇಲ್ಲವೇ ಹಲಗೆಯ ಆಚೆ ಬದಿಯಿಂದ ನಟ್ಟು ಹಾಕಿ ಹಿಡಿಯಬೇಕು, ಅಥವಾ ಭಾರವನ್ನು ಅಗಲವಾದ ತಗಡಿನ ಮೇಲೆ ಹಂಚಬೇಕು. ಮುಂದೆ ಹೇಳುವುದೆಲ್ಲ ಈ ಮೂರರ ಬಗೆಗಳೇ.

ಮೊದಲು ಹಲಗೆ ಯಾವುದೆಂದು ನೋಡಿ

ಕಿತ್ತು ಹೋದ ತೂತಿನ ಒಳಗೆ ಅಥವಾ ಪಟ್ಟಿ ಎದ್ದ ಅಂಚಿನಲ್ಲಿ ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ. ಒರಟು ಚಕ್ಕೆಗಳು ಕಂಡರೆ ಪಾರ್ಟಿಕಲ್ ಬೋರ್ಡ್. ಕಂದು ಬಣ್ಣದ ನುಣುಪು ರಟ್ಟಿನಂತೆ ಕಂಡರೆ ಎಂಡಿಎಫ್ (ಮರದ ಸಣ್ಣ ನಾರನ್ನು ಒತ್ತಿ ಮಾಡಿದ ಹಲಗೆ). ಪದರ ಪದರ ಕಂಡರೆ ಪ್ಲೈವುಡ್. ಅದಕ್ಕೆ ಈ ಬರಹದ ಅಗತ್ಯ ಕಡಿಮೆ. ಅಗ್ಗದ ಬೀರು, ಟಿವಿ ಸ್ಟ್ಯಾಂಡ್, ಓದುವ ಮೇಜುಗಳಲ್ಲಿ ಹೆಚ್ಚಾಗಿ ಸಿಗುವುದು 15, 16 ಅಥವಾ 18 ಮಿ.ಮೀ. ಪಾರ್ಟಿಕಲ್ ಬೋರ್ಡ್, ಹಿಂಬದಿಗೆ 3 ಮಿ.ಮೀ. ತೆಳು ಹಲಗೆ. ಪಾರ್ಟಿಕಲ್ ಬೋರ್ಡಿನ ಎರಡು ಮೈಗಳ ಹತ್ತಿರ ಸಣ್ಣ ಚಕ್ಕೆಯ ಗಟ್ಟಿ ಪದರ, ನಡುವೆ ದಪ್ಪ ಚಕ್ಕೆಯ ಸಡಿಲ ಹೊಟ್ಟೆ. ಅಂಚಿನಿಂದ ಒಳಕ್ಕೆ ಹೋಗುವ ಸ್ಕ್ರೂ ಈ ಹೊಟ್ಟೆಯಲ್ಲೇ ಕೂರುವುದರಿಂದ ಮೊದಲು ಸಡಿಲವಾಗುವುದು ಅದೇ.

ಬೀರು ವಾಲಿದೆಯೇ?

ಹಿಂಜಸ್ ಕಿತ್ತದ್ದಕ್ಕೆ ಹಿಂಜಸ್ಸೇ ಕಾರಣ ಎಂದುಕೊಳ್ಳಬೇಡಿ. ಇಡೀ ಪೆಟ್ಟಿಗೆಯನ್ನು ಚೌಕಾಕಾರದಲ್ಲಿ ಹಿಡಿದಿಡುವುದು ಹಿಂದಿನ ಆ 3 ಮಿ.ಮೀ. ಹಲಗೆ. ಅದರ ಮೊಳೆಗಳು ಎದ್ದರೆ ಪೆಟ್ಟಿಗೆ ಪಕ್ಕಕ್ಕೆ ವಾಲುತ್ತದೆ, ಬಾಗಿಲುಗಳು ಒಂದಕ್ಕೊಂದು ತಾಗುತ್ತವೆ, ಜನ ಒತ್ತಿ ಮುಚ್ಚುತ್ತಾರೆ, ಆ ಒತ್ತಡವೆಲ್ಲ ಹಿಂಜಸ್ ಸ್ಕ್ರೂಗೆ ಹೋಗುತ್ತದೆ.

ಟೇಪಿನಲ್ಲಿ ಎರಡು ಕರ್ಣಗಳನ್ನು ಅಳೆಯಿರಿ: ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ, ಮತ್ತೆ ಅದರ ಎದುರು. ವ್ಯತ್ಯಾಸ 3 ಮಿ.ಮೀ. ದಾಟಿದ್ದರೆ ಬೀರು ವಾಲಿದೆ. ನೆಲ ಏರುತಗ್ಗಿದ್ದರೆ ತಗ್ಗಿದ ಮೂಲೆಗೆ ಪ್ಲಾಸ್ಟಿಕ್ ಬೆಣೆ ಕೊಡಿ. ಮಡಿಸಿದ ಕಾಗದ ಬೇಡ, ನೆಲ ಒರೆಸುವ ನೀರನ್ನು ಅದು ಹೀರಿ ಹಲಗೆಗೆ ಉಣಿಸುತ್ತದೆ. ಕರ್ಣಗಳು ಸಮವಾದ ಮೇಲೆ ಹಿಂದಿನ ಹಲಗೆಯನ್ನು ಹೊಸದಾಗಿ ಹೊಡೆಯಿರಿ. ಹಳೆಯ ಮೊಳೆಯ ತೂತುಗಳನ್ನು ಬಿಟ್ಟು, ಅವುಗಳ ನಡುವೆ, ಸುಮಾರು 15 ಸೆಂ.ಮೀ.ಗೆ ಒಂದರಂತೆ. ಮೊಳೆಗಿಂತ 3×20 ಮಿ.ಮೀ. ಸ್ಕ್ರೂ ವಾಸಿ, ಮೊದಲು 2 ಮಿ.ಮೀ. ಬಿಟ್‌ನಲ್ಲಿ ತೂತು ಮಾಡಿ, ತಲೆಯ ಕೆಳಗೆ ವಾಷರ್ ಇಡಿ. ವಾಷರ್ ಇಲ್ಲದಿದ್ದರೆ ತೆಳು ಹಲಗೆಯನ್ನು ಸ್ಕ್ರೂ ತಲೆ ಸೀಳಿಕೊಂಡು ಒಳಗೆ ಹೋಗುತ್ತದೆ. ಎಷ್ಟೋ ಸಲ ಬಾಗಿಲಿನ ತಕರಾರು ಇಲ್ಲಿಗೇ ಮುಗಿಯುತ್ತದೆ.

ಬೇಕಾಗುವ ಸಾಮಾನು

ಡ್ರಿಲ್ಲು, ಮರದ ಬಿಟ್‌ಗಳು (2.5, 5 ಮತ್ತು 8 ಮಿ.ಮೀ.), 8×30 ಮಿ.ಮೀ. ಗೀರು ಇರುವ ಮರದ ಡೋವೆಲ್‌ಗಳು (ಉರುಟಾದ ಸಣ್ಣ ಗೂಟಗಳು), ಫೆವಿಕಾಲ್ ಮರೀನ್ ಅಥವಾ ಎಸ್‌ಎಚ್, ಅರಾಲ್ಡೈಟ್ ಸ್ಟ್ಯಾಂಡರ್ಡ್ (ಎರಡು ಟ್ಯೂಬು ಕಲಸಿ ಹಚ್ಚುವ ಎಪಾಕ್ಸಿ ಅಂಟು), 80 ಮತ್ತು 150 ನಂಬರಿನ ಉಪ್ಪುಕಾಗದ, ಎರಡು ಜಿ-ಕ್ಲಾಂಪ್, ಮೂಗಿಗೆ ಮಾಸ್ಕ್. ಈ ಬೋರ್ಡುಗಳನ್ನು ಅಂಟಿಸಿರುವುದು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುವ ರಾಳದಿಂದ, ಉಜ್ಜುವಾಗ ಏಳುವ ಧೂಳು ಒಳಗೆ ಹೋಗುವುದು ಒಳ್ಳೆಯದಲ್ಲ.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಹಿಂಜಸ್ ಮತ್ತು ಮಿನಿಫಿಕ್ಸ್ (ಹಲಗೆಗೆ ಹಲಗೆ ಕೂಡಿಸುವ, ತಿರುಗಿಸಿ ಬಿಗಿಯುವ ಲೋಹದ ಜೋಡಣೆ) ತಲೆಗಳಲ್ಲಿ ಕೂಡು ಗುರುತಿನ ನಡುವೆ ಇನ್ನೂ ನಾಲ್ಕು ಸಣ್ಣ ಗೀರುಗಳು ಕಂಡರೆ ಅದು ಪೋಜಿಡ್ರೈವ್. ಅದಕ್ಕೆ ಪಿಝಡ್-2 ಬಿಟ್ ಬೇಕು. ಮನೆಯಲ್ಲಿರುವ ಫಿಲಿಪ್ಸ್ ಅದರಲ್ಲಿ ಜಾರಿ ತಲೆ ಸವೆಸುತ್ತದೆ, ಆಮೇಲೆ ಬಿಚ್ಚುವುದೇ ದೊಡ್ಡ ಕೆಲಸ.

ಹಿಂಜಸ್ ಕಿತ್ತಿದ್ದರೆ

ಇಲ್ಲಿ ನೋಡಬೇಕಾದದ್ದು ಎಷ್ಟು ಕಿತ್ತಿದೆ ಎಂಬುದು. ಮೇಲ್ಮೈ ಸರಿಯಿದ್ದು ತೂತು ಮಾತ್ರ ಅಗಲವಾಗಿದ್ದರೆ ಒಂದು ದಾರಿ, ಮೇಲ್ಮೈಯೇ ಎದ್ದು ಗುಂಡಿ ಬಿದ್ದಿದ್ದರೆ ಇನ್ನೊಂದು.

ತೂತು ಮಾತ್ರ ಸಡಿಲವಾಗಿದ್ದರೆ ಡೋವೆಲ್ ಸಾಕು. ಬಾಗಿಲನ್ನು ಕಳಚಿ ಮಲಗಿಸಿ. 8 ಮಿ.ಮೀ. ಬಿಟ್‌ಗೆ ತುದಿಯಿಂದ 12 ಮಿ.ಮೀ. ದೂರದಲ್ಲಿ ಟೇಪು ಸುತ್ತಿ, ಆ ಗುರುತು ಮುಟ್ಟುವವರೆಗೆ ಮಾತ್ರ ಕೊರೆಯಿರಿ. 16 ಮಿ.ಮೀ. ಹಲಗೆಯಲ್ಲಿ ಇದಕ್ಕಿಂತ ಆಳ ಹೋದರೆ ಆಚೆ ಬದಿಯ ಲ್ಯಾಮಿನೇಟ್ (ಹೊರಮೈಯ ತೆಳು ಹೊದಿಕೆ) ಉಬ್ಬುತ್ತದೆ. ಪುಡಿಯನ್ನೆಲ್ಲ ತೆಗೆಯಿರಿ, ಪುಡಿ ಉಳಿದರೆ ಗೋಂದು ಹಲಗೆಗೆ ಅಂಟದೆ ಪುಡಿಗೆ ಅಂಟುತ್ತದೆ. ಸ್ವಲ್ಪ ನೀರು ಬೆರೆಸಿ ತೆಳುಮಾಡಿದ ಫೆವಿಕಾಲನ್ನು ಕಡ್ಡಿಯಿಂದ ತೂತಿನ ಗೋಡೆಗೆ ಹಚ್ಚಿ ಹತ್ತು ನಿಮಿಷ ಬಿಡಿ; ಸಡಿಲ ಚಕ್ಕೆಗಳು ಅದನ್ನು ಕುಡಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಳಿಕ ಗಟ್ಟಿ ಫೆವಿಕಾಲ್ ಹಚ್ಚಿ, ಅಳತೆಗೆ ಕತ್ತರಿಸಿದ ಡೋವೆಲ್ಲನ್ನು ಮೆಲ್ಲಗೆ ತಟ್ಟಿ ಕೂರಿಸಿ. 24 ಗಂಟೆ ಕಾಯಿರಿ. ನಾಲ್ಕು ಗಂಟೆಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ, ಮಳೆಗಾಲದಲ್ಲಂತೂ ಎರಡು ದಿನ ಬಿಡುವುದೇ ಸರಿ. ಮೇಲೆ ಉಳಿದ ಭಾಗವನ್ನು ಉಳಿಯಿಂದ ಸಮ ಮಾಡಿ, ನಡುವೆ 2.5 ಮಿ.ಮೀ. ತೂತು ಕೊರೆದು ಸ್ಕ್ರೂ ಹಾಕಿ. 16 ಮಿ.ಮೀ. ಬಾಗಿಲಿಗೆ 3.5×13, 18 ಮಿ.ಮೀ. ಬಾಗಿಲಿಗೆ 3.5×16. ಕೊರೆಯದೆ ನೇರ ಸ್ಕ್ರೂ ಹಾಕಿದರೆ ಡೋವೆಲ್ ಸೀಳುತ್ತದೆ.

ಡೋವೆಲ್ ಸಿಗದ ಊರಿನಲ್ಲಿ ಊದುಬತ್ತಿಯ ಬಿದಿರು ಕಡ್ಡಿಗಳನ್ನು ಗೋಂದಿನಲ್ಲಿ ಅದ್ದಿ ತುಂಬುವ ಉಪಾಯ ಎಲ್ಲರಿಗೂ ಗೊತ್ತು. ಗಟ್ಟಿ ಮರದ ಬಾಗಿಲಿನಲ್ಲಿ ಅದು ನಿಲ್ಲುತ್ತದೆ, ಏಕೆಂದರೆ ಸುತ್ತಲಿನ ಮರ ಕಡ್ಡಿಗಳನ್ನು ಅಮುಕಿ ಹಿಡಿಯುತ್ತದೆ. ಪಾರ್ಟಿಕಲ್ ಬೋರ್ಡಿಗೆ ಅಮುಕುವ ಶಕ್ತಿಯಿಲ್ಲ. ಸಣ್ಣ ಡ್ರಾಯರಿನ ಹಿಡಿಕೆಗೆ ಆದೀತು, ಬಾಗಿಲಿಗೆ ಬೇಡ.

ಮೇಲ್ಮೈ ಎದ್ದು ಗುಂಡಿ ಬಿದ್ದಿದ್ದರೆ ಎಪಾಕ್ಸಿ ಬೇಕು. ಅಲುಗಾಡುವ ಚಕ್ಕೆಗಳನ್ನೆಲ್ಲ ಕೆರೆದು ತೆಗೆಯಿರಿ. ಅರಾಲ್ಡೈಟಿನ ಎರಡು ಟ್ಯೂಬಿನಿಂದ ಸಮ ಸಮ ಹಿಂಡಿ ಎರಡು ನಿಮಿಷ ಚೆನ್ನಾಗಿ ಕಲಸಿ. ಅರೆಬರೆ ಕಲಸಿದರೆ ಎಷ್ಟು ದಿನವಾದರೂ ಮೇಣದಂತೆ ಮೆತ್ತಗೇ ಉಳಿಯುತ್ತದೆ. ಮೊದಲ ಕೈ ತೆಳುವಾಗಿ, ಏನೂ ಬೆರೆಸದೆ ಹಚ್ಚಿ. ಹೇರ್ ಡ್ರೈಯರಿನ ಬಿಸಿಗಾಳಿ ಸ್ವಲ್ಪ ತೋರಿಸಿದರೆ ಅದು ತೆಳುವಾಗಿ ಚಕ್ಕೆಗಳ ಒಳಕ್ಕೆ ಇಳಿಯುತ್ತದೆ. ಉಳಿದ ಎಪಾಕ್ಸಿಗೆ ನುಣ್ಣನೆಯ ಮರದ ಹೊಟ್ಟು ಬೆರೆಸಿ, ಕಡ್ಡಿಯಿಂದ ಜಾರದಷ್ಟು ಗಟ್ಟಿ ಮಾಡಿ ಗುಂಡಿ ತುಂಬಿ, ಪ್ಲಾಸ್ಟಿಕ್ ಹಾಳೆ ಒತ್ತಿ ಸಮ ಮಾಡಿ. ಮಾರನೆಯ ದಿನ ಉಜ್ಜಿ, 2.5 ಮಿ.ಮೀ. ಕೊರೆದು ಸ್ಕ್ರೂ ಹಾಕಿ. ಎಂ-ಸೀಲ್ ಬಳಸಿದರೆ ಗುಂಡಿಯೇನೋ ತುಂಬುತ್ತದೆ, ಆದರೆ ಅದು ಚಕ್ಕೆಗಳ ಒಳಗೆ ಇಳಿಯುವುದಿಲ್ಲ. ಭಾರ ಬಿದ್ದಾಗ ಇಡೀ ಉಂಡೆಯೇ ಕಳಚಿ ಬರುತ್ತದೆ.

ಹಿಂಜಸ್ಸಿನ ಪಟ್ಟಿ ಕೂರುವ ಪಕ್ಕದ ಹಲಗೆ ಹಾಳಾಗಿದ್ದರೆ ಇವೆಲ್ಲಕ್ಕಿಂತ ಗಟ್ಟಿ ಉಪಾಯ ಆರುಪಾರು ಬೋಲ್ಟ್. ಅಲ್ಲಿಯ ಎರಡು ತೂತುಗಳ ನಡುವೆ ಸಾಮಾನ್ಯವಾಗಿ 32 ಮಿ.ಮೀ. ಅಂತರ. ಅವನ್ನೇ ಹೊರಬದಿಯವರೆಗೆ ಕೊರೆದು, ಎಂ4×25 ಮಿ.ಮೀ. ಮೆಷಿನ್ ಸ್ಕ್ರೂ ಒಳಗಿನಿಂದ ತೂರಿಸಿ, ಹೊರಗೆ ಅಗಲ ವಾಷರ್ ಮತ್ತು ನಟ್ಟು. ಕೊರೆಯುವಾಗ ಹೊರಮೈಗೆ ಮರದ ತುಂಡು ಒತ್ತಿ ಹಿಡಿದರೆ ಲ್ಯಾಮಿನೇಟ್ ಚಕ್ಕೆ ಏಳುವುದಿಲ್ಲ. ಅಂದ ಕೆಡುತ್ತದೆ ಎಂದು ಹಿಂಜರಿಯುವವರಿಗೆ ಟೊಪ್ಪಿ ನಟ್ಟುಗಳಿವೆ. ಗೋಡೆಗೆ ತಾಗಿರುವ ಬದಿಯಾದರೆ ಆ ಚಿಂತೆಯೂ ಇಲ್ಲ. ಬಾಗಿಲಿನ ಬದಿಗೆ ಇದನ್ನು ಮಾಡಲಾಗದು, ನಟ್ಟು ಮುಂದೆ ಕಾಣುತ್ತದೆ. ಅಲ್ಲಿಗೆ ಹಿಂಜ್ ರಿಪೇರಿ ಪ್ಲೇಟ್ ಎಂಬ ಸ್ಟೀಲಿನ ತಗಡು ಸಿಗುತ್ತದೆ. ಸ್ಕ್ರೂಗಳನ್ನು ಹಾಳಾದ ಜಾಗದಿಂದ ದೂರಕ್ಕೆ ಒಯ್ದು ಭಾರ ಹಂಚುತ್ತದೆ.

ಕೊನೆಯ ಉಪಾಯ ಹಿಂಜಸ್ಸಿನ ಜಾಗವನ್ನೇ 5–6 ಸೆಂ.ಮೀ. ಮೇಲೆ ಅಥವಾ ಕೆಳಗೆ ಸರಿಸುವುದು. ಬಾಗಿಲಿನಲ್ಲಿ 35 ಮಿ.ಮೀ. ಫಾರ್ಸ್ಟ್‌ನರ್ ಬಿಟ್‌ನಿಂದ (ಸಮತಳದ ಅಗಲ ಗುಳಿ ಕೊರೆಯುವ ಬಿಟ್) ಹಿಂಜಸ್ ಕೂರುವ ಹೊಸ ಬಟ್ಟಲು ಕೊರೆಯಬೇಕು. ಹಳೆಯ ಬಟ್ಟಲಿನ ನಡುಬಿಂದು ಬಾಗಿಲಂಚಿನಿಂದ ಎಷ್ಟು ದೂರವೋ ಅಷ್ಟೇ ದೂರ ಇಡಿ. ಹೆಚ್ಚಾಗಿ 21–23 ಮಿ.ಮೀ. ಇರುತ್ತದೆ. ಆಳ 12 ಮಿ.ಮೀ. ಸುಮಾರು. ಬಿಟ್‌ನ ನಡುಮುಳ್ಳು ಇನ್ನೂ ಮುಂದಕ್ಕೆ ಚಾಚಿರುತ್ತದೆ ಎಂಬುದನ್ನು ಮರೆತವರ ಬಾಗಿಲುಗಳಲ್ಲಿ ಮುಂದೊಂದು ಸೂಜಿತೂತು ಬೀಳುತ್ತದೆ. ಹಲಗೆ ತೆಳುವಿದ್ದರೆ ಮುಳ್ಳನ್ನು ಅರದಲ್ಲಿ ಸ್ವಲ್ಪ ಮೊಟಕುಗೊಳಿಸಿ.

ಹೊಸ ಹಿಂಜಸ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುತ್ತದೋ, ಅರ್ಧ ಮುಚ್ಚುತ್ತದೋ, ಒಳಗೆ ಕೂರುತ್ತದೋ ಎಂಬುದರ ಮೇಲೆ ತೋಳಿನ ಬಾಗು ಬೇರೆ. ಕೌಂಟರಿನಲ್ಲಿ ಅದನ್ನು ‘ಜೀರೋ ಕ್ರ್ಯಾಂಕ್, 8 ಕ್ರ್ಯಾಂಕ್, 16 ಕ್ರ್ಯಾಂಕ್’ ಎಂದು ಕೇಳುತ್ತಾರೆ. ತಪ್ಪಿ ತಂದರೆ ಬಾಗಿಲು ಮುಚ್ಚುವುದೇ ಇಲ್ಲ.

ಮತ್ತೆ ಕೀಳದಿರಲು ಲೆಕ್ಕ ನೋಡಿ. 16 ಮಿ.ಮೀ. ಪಾರ್ಟಿಕಲ್ ಬೋರ್ಡ್ ಚದರ ಮೀಟರಿಗೆ ಸುಮಾರು 11 ಕೆ.ಜಿ. ತೂಗುತ್ತದೆ. 45 ಸೆಂ.ಮೀ. ಅಗಲ, 180 ಸೆಂ.ಮೀ. ಎತ್ತರದ ಬಾಗಿಲೆಂದರೆ ಹೆಚ್ಚುಕಡಿಮೆ 9 ಕೆ.ಜಿ. ಅದರ ಮೇಲೆ 4 ಮಿ.ಮೀ. ದಪ್ಪದ, 40×120 ಸೆಂ.ಮೀ. ಕನ್ನಡಿ ಅಂಟಿಸಿದರೆ ಇನ್ನೂ 4.8 ಕೆ.ಜಿ. ಎತ್ತರ 90 ಸೆಂ.ಮೀ.ವರೆಗೆ ಎರಡು ಹಿಂಜಸ್, 160ರವರೆಗೆ ಮೂರು, 200ರವರೆಗೆ ನಾಲ್ಕು ಎಂಬುದು ವಾಡಿಕೆ. ಭಾರ ಹೆಚ್ಚಿದರೆ ಇನ್ನೊಂದು ಸೇರಿಸಬೇಕು. ಕೊನೆಗೆ ಹೊಂದಿಸುವಾಗ: ತೋಳಿನ ಮುಂದಿನ ಸ್ಕ್ರೂ ಬಾಗಿಲನ್ನು ಎಡಬಲ ಸರಿಸುತ್ತದೆ, ಹಿಂದಿನದು ಮುಂದೆ-ಹಿಂದೆ, ಪಟ್ಟಿಯ ಸ್ಕ್ರೂಗಳು ಮೇಲೆ-ಕೆಳಗೆ. ಕಾಲುಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ತಿರುಗಿಸಿ. ಡ್ರಿಲ್ಲಿನಲ್ಲಿ ಬಿಗಿಯಬೇಡಿ, ಕೊನೆಯ ಎರಡು ಸುತ್ತು ಕೈಯಿಂದಲೇ ಆಗಬೇಕು. ಹೊಸ ಬೀರುಗಳ ತೂತು ಮೊದಲ ದಿನವೇ ಸಡಿಲವಾಗುವುದು ಬಹುಪಾಲು ಡ್ರಿಲ್ಲಿನ ಆತುರದಿಂದ. ಹಳೆಯ ತೂತಿಗೆ ಸ್ಕ್ರೂ ಮರಳಿ ಹಾಕುವಾಗ ಮೊದಲು ಎಡಕ್ಕೆ ತಿರುಗಿಸಿ. ‘ಟಕ್’ ಎಂದು ಹಳೆಯ ಸುರುಳಿ ಗೀರಿಗೆ ಬಿದ್ದದ್ದು ಬೆರಳಿಗೆ ಗೊತ್ತಾದ ಮೇಲೆ ಬಲಕ್ಕೆ.

ಮಿನಿಫಿಕ್ಸ್ ಕೂಡಿಕೆ ಬಿಟ್ಟುಕೊಂಡರೆ

ಹಲಗೆಯ ಗುಳಿಯಲ್ಲಿ ಕೂತು ತಿರುಗುವ 15 ಮಿ.ಮೀ. ಗಾಲಿ, ಎದುರು ಹಲಗೆಯಿಂದ ಬರುವ ಬೋಲ್ಟ್, ಪಕ್ಕದಲ್ಲಿ 8 ಮಿ.ಮೀ. ಡೋವೆಲ್: ಕೂಡಿಕೆ ಎಂದರೆ ಇಷ್ಟೇ. ಗಾಲಿಯ ಮೇಲಿನ ಬಾಣ ಬೋಲ್ಟ್ ಬರುವ ದಿಕ್ಕಿಗಿದ್ದಾಗ ಮಾತ್ರ ಬೋಲ್ಟಿನ ತಲೆ ಒಳಗೆ ಹೋಗುತ್ತದೆ. ಅರ್ಧ ಸುತ್ತಿಗೆ ಸ್ವಲ್ಪ ಹೆಚ್ಚು ತಿರುಗಿಸಿದರೆ ಎಳೆದು ಬಿಗಿಯುತ್ತದೆ. ಅದಕ್ಕಿಂತ ಬಲ ಹಾಕಿದರೆ ಸತುವಿನ ಗಾಲಿ ಒಡೆಯುತ್ತದೆ.

ಬೋಲ್ಟ್ ಹಲಗೆಯಿಂದ ಕಿತ್ತಿದ್ದರೆ ಮೇಲೆ ಹೇಳಿದ ಡೋವೆಲ್ ವಿಧಾನವೇ. ಗೋಂದು ಒಣಗಿದ ಮೇಲೆ ಹಳೆಯ ನಡುಬಿಂದುವಿನಲ್ಲೇ 5 ಮಿ.ಮೀ. ಕೊರೆಯಬೇಕು. ಆದರೆ 8 ಮಿ.ಮೀ. ಡೋವೆಲ್ಲಿನಲ್ಲಿ 5 ಕೊರೆದರೆ ಉಳಿಯುವ ಗೋಡೆ ತೆಳು. 10 ಮಿ.ಮೀ. ಡೋವೆಲ್ ಸಿಕ್ಕರೆ ಅದನ್ನೇ ಹಾಕಿ. ಒಂದು ಮಿಲಿಮೀಟರ್ ಜಾಗ ತಪ್ಪಿದರೂ ಬೋಲ್ಟ್ ಗಾಲಿಗೆ ಸಿಗುವುದಿಲ್ಲ. ಹಾಗಾಗಿ ಕೊರೆಯುವ ಮೊದಲು ಅಂಚುಗಳಿಂದ ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಗಾಲಿಯ ಸುತ್ತಲ ಹಲಗೆಯೇ ಒಡೆದಿದ್ದರೆ ಅದನ್ನು ಉಳಿಸುವ ಹಟ ಬೇಡ. ಕೂಡಿಕೆಯನ್ನು 7×50 ಮಿ.ಮೀ. ಕನ್ಫರ್ಮ್ಯಾಟ್ ಸ್ಕ್ರೂಗೆ (ಇಂಥ ಬೋರ್ಡಿಗೆಂದೇ ಬರುವ ದಪ್ಪ ಸ್ಕ್ರೂ) ಬದಲಿಸಿ: ಪಕ್ಕದ ಹಲಗೆಯಲ್ಲಿ ಆರುಪಾರು 7 ಮಿ.ಮೀ., ಎದುರಿನ ಅಂಚಿನಲ್ಲಿ 5 ಮಿ.ಮೀ. ತೂತು, ಹಳೆಯ ಗಾಲಿಯಿಂದ ಕನಿಷ್ಠ 5 ಸೆಂ.ಮೀ. ದೂರದಲ್ಲಿ. ಅಂಚಿನ ತೂತು ದಪ್ಪದ ನಟ್ಟನಡುವೆ, ನೇರವಾಗಿ ಇರಬೇಕು. ವಾರೆಯಾದರೆ ಮೈ ಸೀಳಿ ಹೊರಬರುತ್ತದೆ. ಇದರ ಜೊತೆಗೆ ಒಳಮೂಲೆಗೆ ಎಲ್ ಪಟ್ಟಿ ಕೊಟ್ಟರೆ ಒಳ್ಳೆಯದು. ಅದಕ್ಕೆ ಅರ್ಧ ಇಂಚಿನ ಸ್ಕ್ರೂ ಕೇಳಿ. ಮುಕ್ಕಾಲು ಇಂಚು ಎಂದರೆ 19 ಮಿ.ಮೀ.; ಪಟ್ಟಿಯ 2 ಮಿ.ಮೀ. ಕಳೆದರೂ 16 ಮಿ.ಮೀ. ಹಲಗೆಯ ಆಚೆ ಮೂಗು ತೋರಿಸುತ್ತದೆ.

ಮನೆ ಬದಲಿಸುವಾಗ ಈ ಕೂಡಿಕೆಗಳು ಸಾಯುವುದು ಬಿಚ್ಚಿದ್ದರಿಂದಲ್ಲ, ತುಂಬಿದ ಬೀರುವನ್ನು ನೆಲದ ಮೇಲೆ ಎಳೆದದ್ದರಿಂದ. ಖಾಲಿ ಮಾಡಿ, ಎತ್ತಿ ಒಯ್ಯಿರಿ.

ನೀರು ಕುಡಿದ ತಳ

ಪಾರ್ಟಿಕಲ್ ಬೋರ್ಡ್ ಮಾಡುವಾಗ ಚಕ್ಕೆಗಳನ್ನು ರಾಳದೊಡನೆ ಬಿಸಿಯಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತಾರೆ. ನೀರು ತಾಗಿದರೆ ನೆನೆಸಿದ ಅವಲಕ್ಕಿಯಂತೆ ಚಕ್ಕೆ ಊದುತ್ತದೆ, ರಾಳದ ಹಿಡಿತ ಬಿಡುತ್ತದೆ. ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ದಿನಾ ಒರೆಸುವ ನೆಲ, ಬಚ್ಚಲಿನ ಹಿಂದಿನ ಗೋಡೆ, ಕರಾವಳಿ-ಮಲೆನಾಡಿನ ಮಳೆಗಾಲ, ಮೂರೂ ಇದಕ್ಕೆ ಶತ್ರು.

ಊತ 2 ಮಿ.ಮೀ. ಒಳಗಿದ್ದರೆ ಉಳಿಸಬಹುದು. ಬೀರು ಖಾಲಿ ಮಾಡಿ, ಮಲಗಿಸಿ, ಎದ್ದ ಅಂಚುಪಟ್ಟಿ ಕಿತ್ತು, ಫ್ಯಾನಿನ ಗಾಳಿಗೆ ನಾಲ್ಕೈದು ದಿನ ಬಿಡಿ. ಒಣಗುವ ಮೊದಲೇ ಮುಚ್ಚಿದರೆ ಒಳಗೆ ಬೂಸ್ಟು. ಆಮೇಲೆ ತೆಳು ಮಾಡಿದ ಫೆವಿಕಾಲ್ ಮರೀನನ್ನು ಬ್ರಷ್ಷಿನಿಂದ ಅಂಚಿಗೆ ಕುಡಿಸಿ, ಎರಡೂ ಬದಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೇರ ಮರದ ಪಟ್ಟಿ ಇಟ್ಟು ಕ್ಲಾಂಪ್ ಹಾಕಿ ಒಂದು ದಿನ ಬಿಡಿ. ಪ್ಲಾಸ್ಟಿಕ್ ಮರೆತರೆ ಪಟ್ಟಿಯೂ ಬೀರುವಿನ ಭಾಗವಾಗುತ್ತದೆ. ಉಜ್ಜಿ, ಅಂಚಿಗೆ ಎಪಾಕ್ಸಿ ಬಳಿದು, ಹೊಸ ಪಟ್ಟಿ ಅಂಟಿಸಿ.

ಅದಕ್ಕಿಂತ ಹೆಚ್ಚು ಊದಿ, ಉಗುರಿನಲ್ಲಿ ಕೆರೆದರೆ ಉದುರುವಂತಿದ್ದರೆ ಯಾವ ಗೋಂದೂ ಸಾಲದು. ಪಕ್ಕದ ಹಲಗೆಗಳ ಕೆಳಗಿನ ಹಾಳಾದ ಭಾಗವನ್ನು, ಸಾಮಾನ್ಯವಾಗಿ 7–10 ಸೆಂ.ಮೀ., ಗಟ್ಟಿ ಹಲಗೆ ಸಿಗುವವರೆಗೆ ನೇರವಾಗಿ ಕತ್ತರಿಸಿ ತೆಗೆಯಿರಿ. ಕತ್ತರಿಸುವ ಗೆರೆಗೆ ಟೇಪ್ ಅಂಟಿಸಿ, ಚೂಪು ಬ್ಲೇಡಿನಿಂದ ಮೊದಲು ಗೀರಿದರೆ ಲ್ಯಾಮಿನೇಟ್ ಚೂರಾಗುವುದಿಲ್ಲ. ಆ ಎತ್ತರಕ್ಕೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡಿನ ಪೀಠ ಮಾಡಿಸಿ, ಬೀರುವನ್ನು ಅದರ ಮೇಲೆ ಕೂರಿಸಿ. ತಳದ ಅಡ್ಡಹಲಗೆ ಗಟ್ಟಿಯಿದ್ದರೆ ಪೀಠದ ಬದಲು ಅಡುಗೆಮನೆ ಕ್ಯಾಬಿನೆಟ್‌ಗಳಿಗೆ ಹಾಕುವ 100 ಮಿ.ಮೀ. ಪಿವಿಸಿ ಕಾಲುಗಳೂ ಆಗುತ್ತವೆ. ಕಾಲಿನ ಅಗಲ ತಟ್ಟೆ ಪಕ್ಕದ ಹಲಗೆಯ ಕೆಳಗೂ ಚಾಚಿರಲಿ. ಭಾರ ಇಳಿಯುವುದು ಅಲ್ಲಿಂದ. ಮೂರಡಿಗಿಂತ ಅಗಲದ ಬೀರುವಿಗೆ ನಡುವೆ ಇನ್ನೆರಡು ಕಾಲು. ನಮ್ಮ ಮನೆಗಳಿಗೆ ಬರುವ ಇಂಥ ಪ್ರತಿ ಬೀರುವಿಗೂ ಕಾಲು ಹೊಸದಿದ್ದಾಗಲೇ ಹಾಕುವುದು ಜಾಣತನ. ಗೋಡೆಯಿಂದಲೂ ಮೂರು ಬೆರಳು ದೂರ ಇಡಿ.

ತಟ್ಟಿದಾಗ ಪೊಳ್ಳು ಸದ್ದು ಬಂದು, ಅಂಚಿನಲ್ಲಿ ಮಣ್ಣಿನ ಗೆರೆ ಕಂಡರೆ ಅದು ನೀರಲ್ಲ, ಗೆದ್ದಲು. ಮೊದಲು ಅದರ ಔಷಧ, ರಿಪೇರಿ ಆಮೇಲೆ.

ಸಣ್ಣಪುಟ್ಟವು

ಬಾಗಿದ ಅಡ್ಡಹಲಗೆಯನ್ನು ಮಗುಚಿ ಹಾಕಿದರೆ ಕೆಲವು ತಿಂಗಳು ನೇರವಾಗುತ್ತದೆ, ಮತ್ತೆ ಬಾಗುತ್ತದೆ. ನಡುವೆ ಒಂದು ನಿಲುವು ಕೊಡುವುದು ಅಥವಾ ಮುಂದಿನ ಅಂಚಿನ ಕೆಳಗೆ 40×20 ಮಿ.ಮೀ. ರೀಪನ್ನು ನಿಲ್ಲಿಸಿ ಸ್ಕ್ರೂ ಹಾಕುವುದು ಶಾಶ್ವತ. ಲ್ಯಾಮಿನೇಟಿನ ಮೇಲೆ ಫೆವಿಕಾಲ್ ನಿಲ್ಲದು. 80 ನಂಬರಿನಲ್ಲಿ ಒರಟು ಮಾಡಿ ಎಪಾಕ್ಸಿ ಹಚ್ಚಿ. ಡ್ರಾಯರಿನ ತಳ ತಾನು ಕೂರುವ ಸೀಳಿನಿಂದ ಜಾರಿದ್ದರೆ 3 ಮಿ.ಮೀ. ಹಲಗೆಯ ಕೆಳಗೆ 6 ಮಿ.ಮೀ. ಪ್ಲೈ ಸೇರಿಸಿ, ಸುತ್ತಲೂ ಸ್ಕ್ರೂ. ಎದ್ದ ಅಂಚುಪಟ್ಟಿಯ ಹಿಂದೆ ಹಳೆಯ ಅಂಟಿದ್ದರೆ ಕಾಗದ ಇಟ್ಟು ಇಸ್ತ್ರಿಪೆಟ್ಟಿಗೆ ಎಳೆದರೆ ಸಾಕು. ಇಲ್ಲದಿದ್ದರೆ ಫೆವಿಕಾಲ್ ಎಸ್‌ಆರ್ ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಹಸಿಯಲ್ಲೇ ಒತ್ತಿದರೆ ಮತ್ತೆ ಏಳುತ್ತದೆ.

ಎಲ್ಲಿ ನಿಲ್ಲಿಸಬೇಕು

ಮಂಚದ ಪಕ್ಕದ ಹಲಗೆ, ಮಕ್ಕಳ ಎರಡಂತಸ್ತಿನ ಮಂಚ, ಕುರ್ಚಿ: ಇವುಗಳ ಕೂಡಿಕೆ ಒಡೆದರೆ ಗೋಂದಿನ ರಿಪೇರಿ ನಂಬಬೇಡಿ. ಆ ಹಲಗೆಯನ್ನೇ ಪ್ಲೈವುಡ್ಡಿನಲ್ಲಿ ಮಾಡಿಸಿ ಬದಲಿಸಿ. ಗಾಲಿ, ಬೋಲ್ಟ್, ಹಿಂಜಸ್ ಮಾತ್ರ ಕಳೆದಿದ್ದರೆ ಜೋಡಣೆ ಪುಸ್ತಕದಲ್ಲಿ ಚಿತ್ರದ ಪಕ್ಕ ಇರುವ ಬಿಡಿಭಾಗದ ಸಂಖ್ಯೆ ಹಿಡಿದು ಮಾರಿದವರನ್ನೇ ಮೊದಲು ಕೇಳಿ.

ರಿಪೇರಿಯಾದ ಬೀರುವನ್ನು ಗೋಡೆಗೆ ಬಿಗಿಯುವ ಕೆಲಸ ಬಾಕಿ ಇರುತ್ತದೆ, ಕಾಲು ಹಾಕಿ ಎತ್ತರಿಸಿದ್ದರೆ ಇನ್ನೂ ಮುಖ್ಯ. 2016ರಲ್ಲಿ ಅಮೆರಿಕದಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ವಾಪಸು ಕರೆದದ್ದು, ಗೋಡೆಗೆ ಬಿಗಿಯದಿದ್ದರೆ ಅವು ಮಕ್ಕಳ ಮೇಲೆ ಮಗುಚುತ್ತವೆ ಎಂಬ ಕಾರಣಕ್ಕೆ. ಬೀರುವಿನ ಮೇಲ್ಹಲಗೆಗೆ ಎಲ್ ಪಟ್ಟಿಯನ್ನು ಬೋಲ್ಟ್ ಮತ್ತು ನಟ್ಟಿನಲ್ಲಿ ಹಿಡಿಸಿ, ಗೋಡೆಯಲ್ಲಿ 8 ಮಿ.ಮೀ. ಕೊರೆದು ಪ್ಲಾಸ್ಟಿಕ್ ಪ್ಲಗ್ ಮತ್ತು 50 ಮಿ.ಮೀ. ಸ್ಕ್ರೂ ಹಾಕಿ. ಪ್ಲಗ್ ಗಾರೆಯಲ್ಲಷ್ಟೇ ನಿಲ್ಲದೆ ಇಟ್ಟಿಗೆಯ ಒಳಕ್ಕೆ ಹೋಗಿರಬೇಕು. ಪೊಳ್ಳು ಬ್ಲಾಕಿನ ಗೋಡೆಯಾದರೆ ಸಾಮಾನ್ಯ ಪ್ಲಗ್ ಒಳಗೆ ತಿರುಗುತ್ತಲೇ ಇರುತ್ತದೆ. ಅಂಥ ಗೋಡೆಗೆ ಒಳಗೆ ಅರಳುವ ಆಂಕರ್ ಎಂದು ಕೇಳಿ ತನ್ನಿ.